ಮೊಬೈಲ್ ಕಾದಾಗ ಯಾವುದಕ್ಕೆ ಹೆದರಬೇಕು, ಏನು ಮಾಡಬೇಕು

ಮೊಬೈಲ್ ಬಿಸಿಯಾಯಿತೆಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ವಿಡಿಯೊ ಕರೆ, ಆಟ, ಹಾಟ್‌ಸ್ಪಾಟ್, ಫಾಸ್ಟ್ ಚಾರ್ಜಿಂಗ್ ಇವೆಲ್ಲ ಪ್ರೊಸೆಸರನ್ನೂ ಬ್ಯಾಟರಿಯನ್ನೂ ಕಾಯಿಸುತ್ತವೆ, ಕೆಲಸ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಫೋನು ತಣ್ಣಗಾಗುತ್ತದೆ. ಸುಮ್ಮನೆ ಮೇಜಿನ ಮೇಲೆ ಇಟ್ಟಿದ್ದರೂ ಕಾಯುವ, ಚಾರ್ಜರ್ ತೆಗೆದ ಮೇಲೂ ಬಿಸಿ ಇಳಿಯದ ಫೋನಿನ ವಿಷಯದಲ್ಲಿ ಮಾತ್ರ ತಡಮಾಡಬಾರದು.

ಕಾರಣ ಬ್ಯಾಟರಿಯ ಒಳಗಿದೆ. ಲಿಥಿಯಂ ಅಯಾನ್ ಬ್ಯಾಟರಿಯ ಧನ ಮತ್ತು ಋಣ ವಿದ್ಯುದ್ವಾರಗಳನ್ನು ಬೇರ್ಪಡಿಸುವುದು ತಲೆಗೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ, ಮತ್ತು ಅದನ್ನು ತೋಯಿಸಿರುವ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಪೊರೆ ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಶಾಖ ಹುಟ್ಟುತ್ತದೆ, ಆ ಶಾಖದಿಂದ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಇನ್ನಷ್ಟು ಶಾಖ ಹುಟ್ಟುತ್ತದೆ, ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಲಿಎಥಿಲೀನ್ ಪೊರೆಯೇ ಕರಗತೊಡಗುತ್ತದೆ. ಅಲ್ಲಿಂದ ಮುಂದೆ ಚಾರ್ಜರ್ ಕಿತ್ತರೂ ಕ್ರಿಯೆ ನಿಲ್ಲುವುದಿಲ್ಲ.

ಪೊರೆ ಹರಿಯುವುದಕ್ಕೆ ಬಳಕೆದಾರರ ತಪ್ಪೇ ಬೇಕೆಂದಿಲ್ಲ. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡಾಗ ಕಂಪನಿ ಸೆಪ್ಟೆಂಬರ್‌ನಲ್ಲಿ ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಯಿತು. ಬದಲಿಗೆ ಕೊಟ್ಟ ಫೋನುಗಳೂ ಉರಿದವು, ಅಕ್ಟೋಬರ್‌ನಲ್ಲಿ ತಯಾರಿಕೆಯೇ ನಿಂತಿತು. 2017ರ ಜನವರಿಯಲ್ಲಿ ಹೊರಬಿದ್ದ ತನಿಖೆಯ ಪ್ರಕಾರ, ಒಂದು ಮಾದರಿಯ ಬ್ಯಾಟರಿಯಲ್ಲಿ ಮೇಲಿನ ಮೂಲೆಯ ಋಣ ವಿದ್ಯುದ್ವಾರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯಲ್ಲಿ ಉಳಿದ ಲೋಹದ ಮೊನೆಗಳು ಪೊರೆಯನ್ನು ಚುಚ್ಚಿದ್ದವು. ಹೊರಗಿನಿಂದ ನೋಡಿ ಇಂಥ ದೋಷವನ್ನು ಯಾರೂ ಹಿಡಿಯಲಾರರು. ಹಾಗಾಗಿ ಕಂಪನಿ ಫೋನನ್ನು ಹಿಂದಿರುಗಿಸಲು ಹೇಳಿದರೆ, ನಮ್ಮದು ಚೆನ್ನಾಗಿಯೇ ಇದೆಯೆಂದು ಇಟ್ಟುಕೊಳ್ಳಬಾರದು.

ಆದರೆ ಬಳಸಿ ಹಳೆಯದಾದ ಬ್ಯಾಟರಿ ಅನೇಕ ಸಲ ಮುನ್ಸೂಚನೆ ಕೊಡುತ್ತದೆ. ನನ್ನ ಹಳೆಯ ಫೋನಿನ ಪರದೆ ಬಲ ಅಂಚಿನಲ್ಲಿ ಉಗುರು ತೂರುವಷ್ಟು ಮೇಲೆದ್ದಿತ್ತು. ಅಂಟು ಬಿಟ್ಟಿರಬೇಕೆಂದುಕೊಂಡು ವಾರಗಟ್ಟಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದೆ. ರಿಪೇರಿಯವರು ಬಿಚ್ಚಿ ತೋರಿಸಿದಾಗ ಒಳಗೆ ಬ್ಯಾಟರಿ ಪುಟ್ಟ ದಿಂಬಿನಂತೆ ಊದಿಕೊಂಡಿತ್ತು. ನಾನು ಅಷ್ಟು ದಿನ ಒತ್ತುತ್ತಿದ್ದುದು ಅನಿಲ ತುಂಬಿದ ಆ ಚೀಲವನ್ನೇ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಪರದೆ ಎದ್ದರೆ, ಹಿಂಬದಿ ಉಬ್ಬಿದರೆ, ಮೇಜಿನ ಮೇಲಿಟ್ಟ ಫೋನು ಬುಗುರಿಯಂತೆ ತಿರುಗಿದರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಅದನ್ನು ಒತ್ತುವುದು, ಚುಚ್ಚಿ ಗಾಳಿ ಬಿಡುವುದು, ಕಸದ ಬುಟ್ಟಿಗೆ ಎಸೆಯುವುದು ಮೂರೂ ಅಪಾಯ.

ಬಿದ್ದು ಜಜ್ಜಿದ ಫೋನು, ರಕ್ಷಣಾ ಸರ್ಕ್ಯೂಟ್ ಸರಿಯಿಲ್ಲದ ಅಗ್ಗದ ಬದಲಿ ಬ್ಯಾಟರಿ, ವೋಲ್ಟೇಜ್ ಸ್ಥಿರವಾಗಿಡದ ಚಾರ್ಜರ್ ಇವೂ ಕಾರಣಗಳೇ. ಭಾರತದಲ್ಲಿ ಚಾರ್ಜರ್ ಮತ್ತು ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ನೋಂದಣಿ ಕಡ್ಡಾಯ. ಅವುಗಳ ಮೇಲೆ ಮುದ್ರಿಸಿರುವ, ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಸಲಿಯೇ ಎಂದು ಕೊಳ್ಳುವಾಗಲೇ ನೋಡಬಹುದು. ಚಾರ್ಜಿಂಗ್ ಪಿನ್ ಕಪ್ಪಾಗಿದ್ದರೆ ಅಥವಾ ಕೇಬಲ್‌ನ ಕುತ್ತಿಗೆ ಬಿರಿದಿದ್ದರೆ ಟೇಪು ಸುತ್ತಿ ಮುಂದುವರಿಸಬೇಡಿ.

ಹೊರಗಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ್ಯಪಲ್ ತನ್ನ ಐಫೋನ್‌ಗಳನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ, ಕಲಬುರಗಿ, ರಾಯಚೂರುಗಳ ಬೇಸಿಗೆಯಾದರೋ 40 ಡಿಗ್ರಿ ದಾಟುತ್ತದೆ. ಅಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಬಿಡುವುದಾಗಲಿ, ಎಲ್ಲಿಯೇ ಆಗಲಿ ದಿಂಬಿನಡಿ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದಾಗಲಿ ಬೇಡ. ಕಾದ ಫೋನನ್ನು ಕವರ್ ತೆಗೆದು ನೆರಳಿನಲ್ಲಿಟ್ಟರೆ ಸಾಕು. ಫ್ರಿಜ್‌ನಲ್ಲಿಟ್ಟರೆ ಒಳಗೆ ತೇವ ಕಟ್ಟುತ್ತದೆ.

ಫೋನು ಹಿಸ್ ಎಂದು ಸದ್ದು ಮಾಡಿದರೆ ಅಥವಾ ಹೊಗೆ ಕಾರಿದರೆ ಕೈಯಲ್ಲಿ ಎತ್ತಬೇಡಿ. ಗೋಡೆಯ ಸ್ವಿಚ್ ಆರಿಸಿ, ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುವುದರಿಂದ ಬಗ್ಗಿ ನೋಡಬಾರದು. ವಿದ್ಯುತ್ ಸಂಪರ್ಕ ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು, ಏಕೆಂದರೆ ಇಲ್ಲಿ ಜ್ವಾಲೆ ಆರಿಸಿದರೆ ಸಾಲದು, ಬ್ಯಾಟರಿ ತಣಿಯಬೇಕು. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ ಪೂರ್ತಿ ತಣ್ಣಗಾಗುವವರೆಗೆ ಹತ್ತಿರ ಹೋಗಬೇಡಿ. ಬೆಂಕಿ ಹಾಸಿಗೆಗೋ ಕಿಟಕಿಯ ಪರದೆಗೋ ಹಬ್ಬಿದ್ದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.