ಮಾಳಿಗೆಗೆ ಸುಣ್ಣ ಹಚ್ಚಿ, ಮನೆಯ ಧಗೆ ಇಳಿಸಿ

ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನವನ್ನು ಹೇಗೋ ಕಳೆದುಬಿಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ 1.30ಕ್ಕೆ ಮುಗಿಯುತ್ತವೆ. ಜನ ಕೆಲಸ ಬೇಗ ಮುಗಿಸಿ ನೆರಳು ಸೇರುತ್ತಾರೆ. ರಾತ್ರಿಯದ್ದೇ ಕಷ್ಟ. ಹೊರಗೆ ಗಾಳಿ ಸ್ವಲ್ಪ ತಣ್ಣಗಾಗಿದ್ದರೂ ಒಳಗೆ ಧಗೆ ಇಳಿಯುವುದಿಲ್ಲ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ ಬರುತ್ತದೆ. ತೊಟ್ಟಿಲಲ್ಲಿರುವ ಕೂಸು, ವಯಸ್ಸಾದ ಅಜ್ಜಿ ಇಬ್ಬರಿಗೂ ನಿದ್ದೆ ಇಲ್ಲ.

ಆ ಧಗೆ ಬಹುಪಾಲು ಬರುವುದು ತಲೆಯ ಮೇಲಿನಿಂದ. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಬಿಸಿ ನಿಧಾನವಾಗಿ ಕೆಳಗಿಳಿದು, ಸಂಜೆಯಿಂದ ಮಧ್ಯರಾತ್ರಿವರೆಗೆ ಕೋಣೆಯೊಳಗೆ ಸುರಿಯುತ್ತದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ತೊಲೆ, ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು ಇರುತ್ತಿತ್ತು. ಬಿಸಿ ಆ ಮಣ್ಣು ದಾಟುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಈಗ ಆ ಮಣ್ಣಿಲ್ಲ. ಮೇಲಾಗಿ ಹಳೆಯ ಸಿಮೆಂಟಿನ ಮಾಳಿಗೆ ಬೂದು ಬಣ್ಣದ್ದು. ಬಿದ್ದ ಬಿಸಿಲಿನಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ಅದು ವಾಪಸ್ ಕಳಿಸುತ್ತದೆ, ಉಳಿದದ್ದನ್ನೆಲ್ಲ ಹೀರುತ್ತದೆ. ಹೊಸದಾಗಿ ಹಚ್ಚಿದ ಸುಣ್ಣ ಇದರ ದುಪ್ಪಟ್ಟು ಬಿಸಿಲನ್ನು ವಾಪಸ್ ಕಳಿಸುತ್ತದೆ. ಇದರಿಂದ ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿವರೆಗೆ ಬಿಸಿ ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿ ತಂದಿದೆ. ಅಹಮದಾಬಾದಿನಲ್ಲೂ ಬಡವರ ಮನೆಗಳ ಮೇಲೆ ಬಿಳಿ ಬಳಿಯುವ ಕೆಲಸ ನಡೆದಿದೆ. 42, 43 ಡಿಗ್ರಿ ಕಾಣುವ ನಮ್ಮ ಊರಿಗೂ ಇದು ಬೇಕೇ ಬೇಕು.

ಎಸಿ ತರೋಣ ಅನ್ನುವವರು ಒಂದು ಲೆಕ್ಕ ನೋಡಿ. ಒಂದೂವರೆ ಟನ್‌ನ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ರಾತ್ರಿ ಎಂಟು ತಾಸು ಓಡಿಸಿದರೆ ತಿಂಗಳಿಗೆ 240 ಯೂನಿಟ್ ಅಲ್ಲೇ ಆಯಿತು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅಲ್ವಾ?

ಯಾವಾಗ ಹಚ್ಚಬೇಕು?

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ. ಅಷ್ಟರೊಳಗೆ ಮುಗಿಸಿದರೆ ಬೇಸಿಗೆ ಪೂರ್ತಿ ಲಾಭ. ಮೇ ತಿಂಗಳಲ್ಲಿ ನೆನಪಾದರೂ ಹಚ್ಚಿ, ಆದರೆ ಆ ಬಿಸಿಲಲ್ಲಿ ಸುಣ್ಣ ಕಚ್ಚಿಕೊಳ್ಳುವುದು ಕಷ್ಟ.

ಏನೇನು ತರಬೇಕು?

600 ಚದರ ಅಡಿ ಮಾಳಿಗೆಗೆ ಮೂರು ಕೋಟ್ ಹಚ್ಚಲು 20ರಿಂದ 25 ಕೆ.ಜಿ. ಸುಣ್ಣ ಸಾಕು. ಗಾರೆ ಒರಟಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಬಡಿಗೇರರು ಬಳಸುವ ಬಿಳಿ ಅಂಟು 10 ಕೆ.ಜಿ. ಸುಣ್ಣಕ್ಕೆ ಅರ್ಧ ಕೆ.ಜಿ. ಲೆಕ್ಕದಲ್ಲಿ ಇರಲಿ. ಉದ್ದ ಹಿಡಿಯ ಬ್ರಷ್, ಎರಡು ಬಕೆಟ್, ಸೋಸಲು ಹಳೆಯ ಬಟ್ಟೆ, ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ. ಕನ್ನಡಕ ಮಾತ್ರ ಮರೆಯಬೇಡಿ.

ಸುಣ್ಣ ಎರಡು ರೂಪದಲ್ಲಿ ಸಿಗುತ್ತದೆ: ಅರಳಿಸಿದ ಪುಡಿ, ಅರಳಿಸದ ಕಲ್ಲು. ಮೊದಲ ಸಲ ಹಚ್ಚುವವರು ಪುಡಿಯನ್ನೇ ತರುವುದು ಒಳ್ಳೆಯದು. ಕಲ್ಲುಸುಣ್ಣಕ್ಕೆ ನೀರು ತಾಗಿದರೆ ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಅರಳಿಸಲೇಬೇಕೆಂದರೆ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಅದಕ್ಕೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ತಡೆಯುವುದಿಲ್ಲ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಬಿಡುತ್ತದೆ. ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕಾಲು ತಾಸಾದರೂ ಸ್ವಚ್ಛ ನೀರಿನಿಂದ ತೊಳೆಯುತ್ತಲೇ ಇದ್ದು, ಆಮೇಲೆ ತಡಮಾಡದೆ ಕಣ್ಣಿನ ಡಾಕ್ಟರ್ ಹತ್ತಿರ ಓಡಿ.

ಹಿಂದಿನ ದಿನದ ಕೆಲಸ

ಒಂದು ಕೆ.ಜಿ. ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಸೇರಿಸಿ ಚೆನ್ನಾಗಿ ಕಲಸಿ, ಒಂದು ದಿನ ಪೂರ್ತಿ ಬಿಡಿ. ಹಚ್ಚುವ ಮುಂಚೆ ಬಟ್ಟೆಯಲ್ಲಿ ಸೋಸಿದರೆ ಹರಳು ಉಳಿಯುವುದಿಲ್ಲ. ಅಂಟನ್ನು ಬಿಸಿನೀರಲ್ಲಿ ಕರಗಿಸಿ ಅವತ್ತಿಗೆ ಬೇಕಾದಷ್ಟು ಸುಣ್ಣಕ್ಕೆ ಮಾತ್ರ ಸೇರಿಸಿ. ಗೋಡೆಗೆ ಹಚ್ಚುವಾಗ ಹೊಳಪಿಗೆ ನೀಲಿ ಬೆರೆಸುವ ರೂಢಿ ಇದೆ. ಮಾಳಿಗೆಗೆ ಅದು ಬೇಡ, ನಮಗೆ ಬೇಕಾದದ್ದು ಅಚ್ಚ ಬಿಳುಪು.

ಸುಣ್ಣ ನೆನೆಯುವಷ್ಟರಲ್ಲಿ ಮಾಳಿಗೆ ತೊಳೆದುಬಿಡಿ. ಧೂಳು, ಒಣಗಿದ ಪಾಚಿ, ಪಾರಿವಾಳದ ಹಿಕ್ಕೆ ಎಲ್ಲ ತಂತಿ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಧೂಳಿನ ಮೇಲೆ ಹಚ್ಚಿದ ಸುಣ್ಣ ಧೂಳಿನ ಜತೆಗೇ ಎದ್ದುಬರುತ್ತದೆ. ಬಿರುಕಿದ್ದರೆ ಅದನ್ನು ಮೊದಲು ಮುಚ್ಚಿಸಿ. ಸುಣ್ಣ ಸೋರುವಿಕೆಗೆ ಮದ್ದಲ್ಲ.

ಹಚ್ಚುವ ದಿನ

ಬೆಳಕು ಹರಿಯುತ್ತಲೇ ಶುರುಮಾಡಿ, ಒಂಬತ್ತರೊಳಗೆ ಕೆಳಗಿಳಿಯಿರಿ. ಇಲ್ಲವೇ ಸಂಜೆ ಐದೂವರೆಯ ಮೇಲೆ. ಇದು ನಿಮ್ಮ ಆರಾಮಕ್ಕಷ್ಟೇ ಹೇಳುವ ಮಾತಲ್ಲ. ಸುಣ್ಣ ಸುಮ್ನೆ ಒಣಗಿದರೆ ಗಟ್ಟಿಯಾಗುವುದಿಲ್ಲ. ಹಸಿ ಇರುವಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದಕಲ್ಲೇ ಆಗಬೇಕು. ಅದಕ್ಕೆ ಹೊತ್ತು ಬೇಕು, ತೇವ ಬೇಕು. ನಡು ಮಧ್ಯಾಹ್ನ ಹಚ್ಚಿದರೆ ನೀರು ಕ್ಷಣದಲ್ಲಿ ಹಾರಿಹೋಗಿ ಬರೀ ಪುಡಿ ಉಳಿಯುತ್ತದೆ. ಮಾರನೇ ದಿನ ಬೆರಳಾಡಿಸಿದರೆ ಕೈತುಂಬ ಬಿಳಿ.

ಮೊದಲು ಮಾಳಿಗೆಗೆ ನೀರು ಚಿಮುಕಿಸಿ. ನೆಲ ಒದ್ದೆ ಇರಬೇಕು, ನೀರು ನಿಂತಿರಬಾರದು. ಮೊದಲ ಕೋಟ್ ಮಜ್ಜಿಗೆಯಷ್ಟು ತೆಳ್ಳಗಿರಲಿ. ಮೆಟ್ಟಿಲಿನಿಂದ ದೂರದ ಮೂಲೆಯಲ್ಲಿ ಶುರುಮಾಡಿ ಹಿಂದೆ ಹಿಂದೆ ಬನ್ನಿ.

ಹಚ್ಚಿದ ಕೂಡಲೇ ನೋಡಿದರೆ ಏನೂ ಬಿಳುಪು ಕಾಣುವುದಿಲ್ಲ. ಕಲಸಿದ ನೀರು ಚೆಲ್ಲಿದ ಹಾಗೆ ಕಾಣುತ್ತದೆ, ಕೆಳಗಿನ ಸಿಮೆಂಟ್ ಹಾಗೇ ಇಣುಕುತ್ತಿರುತ್ತದೆ. ಇಲ್ಲಿಯೇ ಬಹಳ ಜನ ಗಾಬರಿಯಾಗಿ ದಪ್ಪ ಸುಣ್ಣ ಬಳಿಯುತ್ತಾರೆ. ದಪ್ಪ ಬಳಿದದ್ದು ವಾರದೊಳಗೆ ಬಿರುಕುಬಿಟ್ಟು ಹಕ್ಕಳೆ ಏಳುತ್ತದೆ. ಸ್ವಲ್ಪ ತಾಳಿ. ಒಣಗುತ್ತಾ ಬಂದಂತೆ ಅಂಚಿನಿಂದ ಬಿಳುಪು ಏರುತ್ತಾ ಬರುತ್ತದೆ. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ ಬಳಿಯಿರಿ. ಎರಡು ಕೋಟ್ ನಡುವೆ ಅರ್ಧ ದಿನವಾದರೂ ಬಿಡಿ, ದಿನಕ್ಕೊಂದು ಕೋಟ್ ಆದರೆ ಇನ್ನೂ ಒಳ್ಳೆಯದು. ಕೊನೆಯ ಕೋಟ್ ಆದ ಮಾರನೇ ದಿನದಿಂದ ಎರಡು ಮೂರು ದಿನ ಬೆಳಿಗ್ಗೆ ಸಂಜೆ ಹಗುರವಾಗಿ ನೀರು ಚಿಮುಕಿಸಿ. ಪೈಪಿನಿಂದ ಜೋರಾಗಿ ಬಿಡಬೇಡಿ.

ಸಂಜೆ ಹೊತ್ತು ಮಾಳಿಗೆಗೆ ಕೊಡಗಟ್ಟಲೆ ನೀರು ಸುರಿದು ತಂಪು ಮಾಡಿಕೊಳ್ಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಭೀಮಾ, ಬೆಣ್ಣೆತೊರೆಯ ನೀರನ್ನು ನಂಬಿದ ಊರು ನಮ್ಮದು, ಅದೂ ಬೇಸಿಗೆಯಲ್ಲಿ. ಸುಣ್ಣ ಹಚ್ಚಿದರೆ ಆ ನೀರು ಉಳಿಯುತ್ತದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಹಪ್ಪಳ, ಸಂಡಿಗೆ, ಹಾಸಿಗೆ

ಇದೇ ತಿಂಗಳುಗಳಲ್ಲಿ ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲ ಮಾಳಿಗೆ ಏರುತ್ತವೆ. ರಾತ್ರಿ ಹಾಸಿಗೆಯೂ ಅಲ್ಲೇ. ‘ಸುಣ್ಣ ಹಚ್ಚಿದರೆ ನಮ್ಮ ಕೆಲಸ ಹೇಗ್ರೀ?’ ಎಂದು ಮನೆಯ ಹೆಣ್ಣುಮಕ್ಕಳು ಕೇಳುವುದು ಸರಿಯಾಗಿಯೇ ಇದೆ. ಓಡಾಡುವ ದಾರಿಗೆ ನಾಲ್ಕಾರು ಶಹಾಬಾದ್ ಪರ್ಸಿ ಹಾಸಿಬಿಡಿ, ಸುಣ್ಣ ಸವೆಯುವುದಿಲ್ಲ. ಒಣಗಿಸುವ ಸಾಮಾನಿನ ಕೆಳಗೆ ತಾಡಪತ್ರಿ, ಅದರ ಮೇಲೆ ಸೀರೆ ಇರಲಿ. ಹಾಸಿಗೆಗೂ ಕೆಳಗೊಂದು ಜಮಖಾನ ಬೇಕು. ಬಿಳಿ ಮಾಳಿಗೆ ಸಂಜೆ ಬೇಗ ತಣಿಯುವುದರಿಂದ ಮಲಗಲು ಹೊತ್ತು ಕಾಯುವುದೂ ತಪ್ಪುತ್ತದೆ.

ಕೆಲವು ಬೇರೆ ಸಂಗತಿಗಳು

ತಗಡಿನ ಮನೆಗಳಲ್ಲಿ ಇರುವವರಿಗೇ ಇದು ಎಲ್ಲರಿಗಿಂತ ಹೆಚ್ಚು ಬೇಕು. ಹೊಳೆಯುವ ತಗಡು ಬಿಸಿಲನ್ನು ವಾಪಸ್ ಕಳಿಸಿದರೂ, ಒಮ್ಮೆ ಕಾದರೆ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ. ಆದರೆ ತಗಡಿಗೆ ಸುಣ್ಣ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಮಾಳಿಗೆಗೆಂದೇ ಸಿಗುವ ಅಕ್ರಿಲಿಕ್ ಬಿಳಿ ಬಣ್ಣ ಬೇಕು. ದುಡ್ಡು ಜಾಸ್ತಿ, ಆದರೆ ಕೆಲವು ವರ್ಷ ಬಾಳುತ್ತದೆ. ಬಾಡಿಗೆಗೆ ಕೊಟ್ಟ ಮಾಲೀಕರೇ ಈ ಖರ್ಚು ಹಾಕುವುದು ನ್ಯಾಯ.

ಮಾಳಿಗೆಯಲ್ಲಿ ಸೋಲಾರ್ ಫಲಕ ಇದ್ದರೆ ಸುಣ್ಣ ಹಚ್ಚುವಾಗ ಪೂರ್ತಿ ಮುಚ್ಚಿ. ಗಾಜಿನ ಮೇಲೆ ಬಿದ್ದ ಸುಣ್ಣದ ಕಲೆ ಸುಲಭವಾಗಿ ಹೋಗುವುದಿಲ್ಲ. ಮುಂದೆ ಫಲಕ ಹಾಕಿಸುವ ಯೋಚನೆ ಇದ್ದರೂ ಸುಣ್ಣ ದಂಡವಲ್ಲ. ಮಾಳಿಗೆ ತಣ್ಣಗಿದ್ದರೆ ಫಲಕಕ್ಕೂ ಒಳ್ಳೆಯದು, ಏಕೆಂದರೆ ಫಲಕ ಒಂದೊಂದು ಡಿಗ್ರಿ ಕಾದಂತೆ ಅದರ ವಿದ್ಯುತ್ ಸುಮಾರು ಶೇ 0.4ರಷ್ಟು ಕಡಿಮೆಯಾಗುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಮೊದಲು ಸುಣ್ಣದಿಂದ ಮನೆಯ ಬಿಸಿ ಇಳಿಸಿ, ಎಷ್ಟು ವಿದ್ಯುತ್ ಬೇಕೆಂದು ಆಮೇಲೆ ಲೆಕ್ಕ ಹಾಕಿ.

ಮಳೆನೀರು ಹಿಡಿಯುವ ಮನೆಯವರು ಮೊದಲ ಒಂದೆರಡು ಮಳೆಯ ನೀರನ್ನು ತೊಟ್ಟಿಗೆ ಬಿಡಬೇಡಿ, ಅದರಲ್ಲಿ ಸುಣ್ಣ ಇರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಸುಣ್ಣ ಬಹಳಷ್ಟು ಮಾಸಿರುತ್ತದೆ. ಚಳಿಗಾಲಕ್ಕೆ ಅದೇ ಅನುಕೂಲ, ಆಗ ಮನೆಗೆ ಬಿಸಿಲು ಬೇಕು.

ಉಳಿದ ಸುಣ್ಣ ಚೆಲ್ಲಬೇಡಿ. ಅಂಟು ಬೆರೆಸದ ಸುಣ್ಣವನ್ನು ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಗಾಳಿ ತಾಗದಿದ್ದರೆ ಅದು ಕೆಡುವುದಿಲ್ಲ, ನೆನೆದಷ್ಟೂ ನುಣುಪಾಗುತ್ತದೆ. ಮುಂದಿನ ವರ್ಷ ಅದನ್ನೇ ತೆಳ್ಳಗೆ ಮಾಡಿ, ಸೋಸಿ, ಅಂಟು ಸೇರಿಸಿ ಹಚ್ಚಬಹುದು.