ನಾಲ್ಕನೇ ಕ್ಲಾಸಿನಲ್ಲೂ ಏಣಿ ಹಾಕಿದೆ: ನನ್ನ ಅನುಭವ

ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ‘ನಲಿ-ಕಲಿ’ಯಲ್ಲಿ ಮೂರನೇ ಕ್ಲಾಸಿನವರೆಗೆ ಮಕ್ಕಳು ಏಣಿ (ಕಲಿಕೆಯ ಹಂತಗಳನ್ನು ಮೆಟ್ಟಿಲಿನಂತೆ ತೋರಿಸುವ ಚಾರ್ಟ್) ನೋಡಿ, ತಾವು ತಲುಪಿದ ಹಂತ ಅಂದರೆ ಮೈಲಿಗಲ್ಲು ತಾವೇ ಹುಡುಕಿ, ಚಟುವಟಿಕೆಯ ಕಾರ್ಡ್ ತಗೊಂಡು ‘ತಟ್ಟೆ’ ಅನ್ನುವ ತಮ್ಮ ಗುಂಪಿನಲ್ಲಿ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ನಾಲ್ಕಕ್ಕೆ ಬಂದ ಕೂಡಲೇ ಅದೇ ಮಕ್ಕಳು ‘ಮಿಸ್, ಎಷ್ಟನೇ ಪುಟ?’ ಅಂತ ಕಾಯುತ್ತಾರೆ. ಬೇಜಾರಾಗುತ್ತಿತ್ತು.

ನಮ್ಮದು ವಿರಾಜಪೇಟೆ ಕಡೆಯ ಸರ್ಕಾರಿ ಶಾಲೆ. ನಾಲ್ಕು, ಐದು ಒಂದೇ ಕೋಣೆ. ನಾನು ಮಾಡಿದ್ದು ಇಷ್ಟೇ: ಎಫ್‌ಎ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಒಳಗೆ ಮುಗಿಯಬೇಕಾದ ಕಲಿಕಾ ಫಲಗಳನ್ನು, ಅಂದರೆ ಮಕ್ಕಳು ಏನೇನು ಕಲಿತಿರಬೇಕು ಅನ್ನೋದನ್ನು, ಅವರಿಗೆ ಅರ್ಥವಾಗುವ ಮಾತಲ್ಲಿ ಚಾರ್ಟ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅದೇ ನಮ್ಮ ಏಣಿ. ಏನು ಕಲಿಯಬೇಕು ಅನ್ನೋದು ಸರ್ಕಾರದ್ದು. ಯಾವುದು ಮೊದಲು, ಯಾರ ಜೊತೆ, ಹೇಗೆ ಅನ್ನೋದು ಮಕ್ಕಳದ್ದು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನೋಡುವ ಪಾಠ ಯೋಜನೆ ಬದಲಾಗಲಿಲ್ಲ.

ಮಳೆಗಾಲದಲ್ಲಿ ಒಂದು ಗುಂಪು ಮಳೆ ಅಳೆಯೋದನ್ನು ಆರಿಸಿಕೊಂಡಿತು. ಕೊಡಗಿನಲ್ಲಿ ಮಳೆ ಲೆಕ್ಕ ಇಂಚು, ಸೆಂಟಲ್ಲಿ ಅಲ್ವಾ? ನೂರು ಸೆಂಟಿಗೆ ಒಂದು ಇಂಚು. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹುಡುಗಿಯೊಬ್ಬಳು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮಳೆ ಎಷ್ಟು ಬಿತ್ತು ಅಂತ ಕೇಳಿಕೊಂಡು ಬಂದಳು: ‘ಒಂದು ಇಂಚು, ನಲವತ್ತು ಸೆಂಟು.’ ಪೇಪರಿನಲ್ಲಿ ಮಿಲಿಮೀಟರ್. ಇಂಚಿಗೆ ಸುಮಾರು 25 ಮಿಲಿಮೀಟರ್ ಅಂತ ಮಾತ್ರ ಹೇಳಿದೆ. ನೂರು ಸೆಂಟಿಗೆ 25 ಆದರೆ ಹತ್ತಕ್ಕೆ ಎರಡೂವರೆ, ನಲವತ್ತಕ್ಕೆ ಹತ್ತು, ಒಟ್ಟು 35 ಅಂತ ಅವರೇ ಸ್ಲೇಟಲ್ಲಿ ಬಿಡಿಸಿದರು. ಅಳತೆ, ದಶಮಾಂಶ, ಸ್ತಂಭಾಲೇಖ ಮೂರಕ್ಕೂ ಟಿಕ್ ಬಿತ್ತು. ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಪಾಠ.

ಎಲ್ಲವನ್ನೂ ಮಕ್ಕಳಿಗೇ ಬಿಡೋಕಾಗಲ್ಲ. ಮಗ್ಗಿಯನ್ನು ಯಾರೂ ಆರಿಸಿಕೊಳ್ಳಲ್ಲ, ನಾನೇ ಹೇಳಿಸುತ್ತೇನೆ. ಓದೋಕೆ ತಡವರಿಸುವ ಮಗುವಿಗೆ ‘ನಿನಗೆ ಬೇಕಾದ್ದು ಮಾಡು’ ಅಂದರೆ ಅದು ಚಿತ್ರಕ್ಕೆ ಬಣ್ಣ ಹಚ್ಚುತ್ತಾ ದಿನ ಕಳೆಯುತ್ತದೆ. ಅಂಥವರು ನನ್ನ ಪಕ್ಕದಲ್ಲೇ ಕೂರಬೇಕು. ಸ್ವಕಲಿಕೆಯಲ್ಲಿ ಟೀಚರ್‌ಗೆ ಕೆಲಸ ಕಡಿಮೆ ಅನ್ನುವವರು ಒಂದು ದಿನ ಬಂದು ನೋಡಲಿ!

ಪಠ್ಯಕ್ರಮ ರಾಜ್ಯದ ಎಲ್ಲ ಕಡೆ ಒಂದೇ ಇರೋದರ ಬೆಲೆ ಗೊತ್ತಾಗೋದು ಕಾಫಿ ಕೊಯ್ಲಿನಲ್ಲಿ. ಡಿಸೆಂಬರ್ ಹೊತ್ತಿಗೆ ಬೇರೆ ಜಿಲ್ಲೆಯಿಂದ ತೋಟಕ್ಕೆ ಬಂದವರ ಮಕ್ಕಳು ಸೇರುತ್ತಾರೆ. ಅವರ ಚೀಲದಲ್ಲೂ ಅದೇ ಪುಸ್ತಕ. ಎಲ್ಲಿ ನಿಲ್ಲಿಸಿದ್ದೆ ಅಂದರೆ ಪುಟ ತೆಗೆದು ತೋರಿಸುತ್ತಾರೆ. ಚಾರ್ಟ್‌ನಲ್ಲಿ ಅವರ ಹೆಸರು ಅಲ್ಲಿಂದಲೇ ಶುರು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳಿಗೆ ಇದೂ ಸಾಲದು, ಮೊದಲು ಕನ್ನಡ ಕಿವಿಗೆ ಬೀಳಬೇಕು.

ಮಾಡಿ ನೋಡುವವರು ಪರಿಸರ ಅಧ್ಯಯನ ಒಂದರಿಂದಲೇ ಶುರು ಮಾಡಿ. ಗಣಿತ ದಸರಾ ಕಳೆದ ಮೇಲೆ ಸಾಕು.