ಬಿಕೋ ಅನ್ನುವುದು ಮನೆ

ಮೂರು ವರ್ಷದ ಹಿಂದೆ ಇಪ್ಪತ್ತೆರಡು ನಿಮಿಷದ ಕಿರುಚಿತ್ರವೊಂದರ ಎಡಿಟಿಂಗ್‌ಗೆ ಕೂತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಉಳಿದ ನಿವೃತ್ತ ಮೇಷ್ಟ್ರ ಕಥೆ. ಮೊದಲ ಕಟ್‌ನಲ್ಲಿ ಅವರ ಮುಖದ ಕ್ಲೋಸಪ್‌ಗಳನ್ನು ಜೋಡಿಸಿ ಹಿಂದೆ ಕೊಳಲು ಇಟ್ಟಿದ್ದೆ. ನಿರ್ದೇಶಕರು ನೋಡಿ, "ಅಳು ಬರುತ್ತೆ. ಆದ್ರೆ ಮನೆ ಖಾಲಿ ಆಗಿದೆ ಅನ್ನಿಸ್ತಾ ಇಲ್ಲ" ಅಂದರು.

ಆ ಮಾತು ಕೊರೆಯತೊಡಗಿತು. ಅದೇ ವಾರ ಇಟಲಿಯ ನಿರ್ದೇಶಕ ಆಂಟೋನಿಯೋನಿಯ 'ಲೆಕ್ಲಿಸ್ಸೆ' (1962) ಸಿನಿಮಾ ಮತ್ತೆ ಹಾಕಿಕೊಂಡೆ. ಈ ಸಲ ಕಥೆಗಾಗಿ ಅಲ್ಲ, ಮನುಷ್ಯ ಫ್ರೇಮ್ ಬಿಟ್ಟು ಹೋದ ಮೇಲೆ ಕಟ್ ಎಷ್ಟು ತಡವಾಗಿ ಬೀಳುತ್ತದೆ ಅಂತ ನೋಡಲು. ಶುರುವಿನಲ್ಲೇ ರಾತ್ರಿಯಿಡೀ ಆಡಿ ಮಾತೇ ಮುಗಿದುಹೋದ ಜೋಡಿ, ಬೆಳಗಿನ ಜಾವ. ನಾಯಕಿ ಮೋನಿಕಾ ವಿಟ್ಟಿ ಖಾಲಿ ಫೋಟೋ ಚೌಕಟ್ಟೊಂದರೊಳಗೆ ಕೈಹಾಕಿ ಸಾಮಾನು ಸರಿಸುತ್ತಾಳೆ. ಫ್ಯಾನ್ ಗುಂಯ್‌ಗುಡುತ್ತಲೇ ಇರುತ್ತದೆ. ಮುಂದೆ ರೋಮ್‌ನ ಷೇರುಪೇಟೆಯಲ್ಲಿ ಸತ್ತ ಸಹೋದ್ಯೋಗಿಗಾಗಿ ಒಂದು ನಿಮಿಷ ಮೌನ. ಎಲ್ಲರೂ ನಿಂತಿದ್ದಾರೆ, ಫೋನುಗಳು ಮಾತ್ರ ಹೊಡೆದುಕೊಳ್ಳುತ್ತಿವೆ.

ಕೊನೆಯ ಸುಮಾರು ಏಳು ನಿಮಿಷವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವಳೂ ಅವಳ ಹೊಸ ಪ್ರೇಮಿಯೂ ಸೇರುತ್ತಿದ್ದ ಮೂಲೆಗೆ ಇಬ್ಬರೂ ಬರುವುದಿಲ್ಲ. ಕ್ಯಾಮೆರಾ ಬರುತ್ತದೆ. ಸೋರುವ ನೀರಿನ ಪೀಪಾಯಿ, ಹಿಂದೊಮ್ಮೆ ಅವಳೇ ಅದರಲ್ಲಿ ಹಾಕಿದ್ದ ಮರದ ಚೂರು, ಚಾಪೆ ಸುತ್ತಿದ ಅರ್ಧ ಕಟ್ಟಿದ ಮನೆ, ಬಸ್ಸು, ಕಡೆಗೆ ಬೀದಿದೀಪ. ರೋಮ್‌ನ ಆ ಬಡಾವಣೆ 'ಇಯುಆರ್' ಹುಟ್ಟಿದ್ದೇ ಮುಸೊಲಿನಿ 1942ಕ್ಕೆ ಯೋಜಿಸಿದ್ದ, ಯುದ್ಧದಿಂದಾಗಿ ನಡೆಯದೇ ಹೋದ ಜಾಗತಿಕ ಪ್ರದರ್ಶನಕ್ಕಾಗಿ. ಬಾರದವರಿಗಾಗಿ ಕಟ್ಟಿದ ಜಾಗ ಅದು.

ಆಗ ನಮ್ಮ ಮಾತೇ ನೆನಪಾಯಿತು. ಕನ್ನಡದಲ್ಲಿ ನಾವು ಬಿಕೋ ಅನ್ನುತ್ತಿದೆ ಅನ್ನುವುದು ಮನೆಯನ್ನು, ಬೀದಿಯನ್ನು. ಮನುಷ್ಯನನ್ನಲ್ಲ. ನಾನು ಮಾತ್ರ ಮೇಷ್ಟ್ರ ಮುಖದಲ್ಲಿ ಹುಡುಕುತ್ತಿದ್ದೆ.

ಕೊಳಲು ತೆಗೆದೆ. ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಅದೇ ಮನೆಗೆ ವಾಪಸ್ ಕಳಿಸಿ ಬರೀ ಮನೆಯ ಸದ್ದು ರೆಕಾರ್ಡ್ ಮಾಡಿಸಿದೆ. ಫ್ರಿಡ್ಜು, ನಲ್ಲಿಯ ಹನಿ, ಪಕ್ಕದ ಮನೆಯ ಕುಕ್ಕರ್ ಸೀಟಿ. ಆಮೇಲೆ ಮೇಷ್ಟ್ರು ಕುರ್ಚಿಯಿಂದೆದ್ದು ಅಡುಗೆಮನೆಗೆ ಹೋಗುವ ಶಾಟ್. ಮೊದಲು ಅವರು ಬಾಗಿಲು ದಾಟುತ್ತಲೇ ಕಟ್ ಮಾಡಿದ್ದೆ. ನಾಲ್ಕು ಸೆಕೆಂಡ್ ಹಿಡಿದರೆ ವಾಪಸ್ ಬರುತ್ತಾರೆ ಅಂತ ಕಾಯುತ್ತೇವೆ. ಒಂಬತ್ತಕ್ಕೆ ಕಾಯುವುದು ಬಿಟ್ಟುಹೋಗಿ ಕುರ್ಚಿ ಕಾಣತೊಡಗುತ್ತದೆ. ಹದಿನೈದಕ್ಕೆ ಎಳೆದಾಗ ಕಂಡದ್ದು ನನ್ನ ಎಡಿಟಿಂಗ್. ಒಂಬತ್ತಕ್ಕೇ ನಿಲ್ಲಿಸಿದೆ. ನಿಧಾನ ಅಂದರೆ ಶಾಟನ್ನು ಸುಮ್ಮನೆ ಎಳೆಯುವುದು ಅಂದುಕೊಂಡವರ ಮೇಲೆ ನನಗೆ ಸಿಟ್ಟಿದೆ.

ಇನ್ನೊಂದು ಪಾಠ ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ 'ಜೀನ್ ಡೀಲ್‌ಮನ್' (1975) ಕಲಿಸಿತು. ಬ್ರಸೆಲ್ಸ್‌ನ ವಿಧವೆಯೊಬ್ಬಳ ಮೂರು ದಿನ, ಮೂರು ಗಂಟೆಗೂ ಮಿಕ್ಕಿದ ಸಿನಿಮಾ. ಎರಡನೇ ದಿನ ಆಲೂಗಡ್ಡೆ ಹೆಚ್ಚು ಬೆಂದುಬಿಟ್ಟಾಗ ನಮ್ಮ ಎದೆ ಧಸಕ್ಕೆನ್ನುತ್ತದೆ. ಅವಳ ಅಚ್ಚುಕಟ್ಟನ್ನು ಅದಕ್ಕೂ ಮೊದಲೇ ತಾಳ್ಮೆಯಿಂದ ನೋಡಿರುತ್ತೇವಲ್ಲ, ಅದಕ್ಕೆ. ನನ್ನ ಕಟ್‌ನಲ್ಲಿ ಆ 'ಮೊದಲ ದಿನ'ವೇ ಇರಲಿಲ್ಲ. ಮೇಷ್ಟ್ರು ರಾತ್ರಿ ಹಿಂಬಾಗಿಲ ಚಿಲಕ ಹಾಕಿ ದೀಪ ಆರಿಸುವ ಶಾಟನ್ನು ಉದ್ದವಾಯಿತೆಂದು ಬಿಸಾಕಿದ್ದೆ. ಅದನ್ನು ಪೂರ್ತಿಯಾಗಿ, ಎರಡು ರಾತ್ರಿಗೆ ಎರಡು ಸಲ ಇಟ್ಟೆ. ಮೂರನೇ ರಾತ್ರಿಗೆ, ನಟರು ಚಿಲಕ ಹಾಕಲು ಮರೆತು ದೀಪ ಆರಿಸಿಬಿಟ್ಟಿದ್ದ ಒಂದು ಕೆಟ್ಟ ಟೇಕ್ ಸಿಕ್ಕಿತು. ಅದೇ ಚಿತ್ರದ ತಿರುವಾಯಿತು.

ಆ ಕತ್ತಲೆಯ ಶಾಟನ್ನು ಎರಡು ಸೆಕೆಂಡ್ ಬೇಗ ಕಟ್ ಮಾಡಿಬಿಟ್ಟೆ ಅಂತ ಈಗಲೂ ಅನ್ನಿಸುತ್ತದೆ.